ಭಾರದ ಪರೀಕ್ಷೆ

ಲಿಫ್ಟ್ ರಿಪೇರಿ ಮಾಡುವವನ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಆ ಬೀದಿಯವರಿಗೆ ಅದೊಂದು ಹಳೆಯ ತಮಾಷೆ. ದಿನವಿಡೀ ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಕಳಿಸಿ ಸಂಜೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ ಕೆಳಮನೆಯ ಮುದುಕ ಬಾಗಿಲಲ್ಲೇ ನಿಂತು, "ಏನಪ್ಪಾ, ಇವತ್ತೂ ಕರೆಂಟ್ ಇಲ್ವಾ?" ಎಂದು ಕೇಳುತ್ತಿದ್ದ. ಎರಡು ಕೋಣೆ, ಒಂದು ಅಡುಗೆಮನೆ, ಎರಡು ಹಗ್ಗ ಕಟ್ಟುವಷ್ಟು ಬಾಲ್ಕನಿ. ಅಷ್ಟರಲ್ಲಿ ನಾಲ್ಕು ಜನ: ಅವನು, ಅವನ ಹೆಂಡತಿ, ಅಪ್ಪ, ಅಮ್ಮ. ಐದನೆಯ ಜೀವ ಬರುವುದಾದರೆ ಹೇಗೆ ಎಂಬ ಯೋಚನೆ ಹೆಂಡತಿಯ ತಲೆಯನ್ನು ಬಹಳ ದಿನದಿಂದ ಕೊರೆಯುತ್ತಿತ್ತು.

ಆ ಹೆಂಡತಿ, ಅಂದರೆ ಈ ಮನೆಯ ಸೊಸೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಸಡಿಲ, ಕಡಿಮೆ ಉಜ್ಜಿದರೆ ಕೂರುವುದೇ ಇಲ್ಲ. ಹೀಗಾಗಿ ಅಳೆಯದೆ ಯಾವುದನ್ನೂ ಮುಟ್ಟುವ ಅಭ್ಯಾಸ ಅವಳಿಗಿರಲಿಲ್ಲ. ಅವಳಿಗೆ ಮಗು ಬೇಕಿತ್ತು. ಬೀದಿಯಲ್ಲಿ ಯಾರಾದರೂ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹೋದರೆ ಅವರು ತಿರುವು ದಾಟುವವರೆಗೂ ನೋಡುತ್ತಿದ್ದಳು. ಆದರೆ ಮಗುವಾದರೆ ಆರೇಳು ತಿಂಗಳಾದರೂ ಕೆಲಸ ಬಿಡಬೇಕು, ಬಿಟ್ಟಷ್ಟು ದಿನ ಅಂಗಡಿಯವರು ಬಿಡಿಗಾಸು ಕೊಡುವುದಿಲ್ಲ. ಆಗ ಒಬ್ಬನ ಸಂಬಳದಲ್ಲಿ ಮನೆ ನಡೆಯುತ್ತದೋ ಇಲ್ಲವೋ ಎಂದು ಮೊದಲೇ ಗೊತ್ತಾಗಬೇಕಿತ್ತು.

ಒಂದು ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ಗಂಡನಿಗೆ ಇದನ್ನೇ ಹೇಳಿದಳು.

"ಅದಕ್ಕೇನಂತೆ, ಟೆಸ್ಟ್ ಮಾಡೋಣ," ಎಂದ ಅವನು.

"ಏನನ್ನ ಟೆಸ್ಟ್ ಮಾಡೋದು?"

"ಮನೇನ. ಹೊಸ ಲಿಫ್ಟ್ ಕೂರಿಸಿದ ತಕ್ಷಣ ಜನಾನ ಹತ್ತಿಸಿಬಿಡ್ತೀವಾ? ಮರಳು ಮೂಟೆ ತುಂಬಿ ಮೇಲೆ ಕೆಳಗೆ ಓಡಿಸ್ತೀವಿ. ಹಗ್ಗ ತಡೆಯುತ್ತೆ, ಬ್ರೇಕ್ ಹಿಡಿಯುತ್ತೆ ಅಂತ ಗೊತ್ತಾದ ಮೇಲೇನೇ ಬಾಗಿಲು ತೆಗೆಯೋದು. ನಾವೂ ಹಾಗೇ ಮಾಡೋಣ. ಮೂರು ತಿಂಗಳು ನಿನ್ನ ಸಂಬಳ ಬರ್ತಾನೇ ಇಲ್ಲ ಅಂತ ಅಂದ್ಕೊಂಡು ಬದುಕಿ ನೋಡೋಣ. ಅದನ್ನ ಹಾಗೇ ಬ್ಯಾಂಕಲ್ಲಿ ಬಿಡು."

ಗಂಡನ ಬಾಯಿಂದ ಇಷ್ಟು ಕೆಲಸಕ್ಕೆ ಬರುವ ಮಾತು ಹೊರಟು ಎಷ್ಟು ಕಾಲವಾಗಿತ್ತೋ. ಅವಳು ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದೇ ನಕ್ಕಳು. "ಸರಿ. ಮಗು ಹುಟ್ಟಿ ಆರು ತಿಂಗಳಾದ ಮೇಲೆ ನಾನು ವಾಪಸ್ ಕೆಲಸಕ್ಕೆ ಹೋದ್ರೆ?"

"ಆಮೇಲೇನು, ಅಮ್ಮ ಇದಾಳಲ್ಲ. ಇರು, ಅಮ್ಮಂಗೂ ಹೇಳಿಬಿಡ್ತೀನಿ."

"ರೀ, ದಯವಿಟ್ಟು ಬೇಡ!"

ಬೇಡ ಎನ್ನಲು ಅವಳಿಗೆ ಕಾರಣವಿತ್ತು. ಅತ್ತೆಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಎರಡು ವರ್ಷದ ಹಿಂದೆ ಸೊಸೆ ತರಕಾರಿ ಹೆಚ್ಚುತ್ತ, "ಯೋಚನೆ ಮಾಡ್ತಿದೀವಿ ಅತ್ತೆ," ಎಂದು ಒಂದು ಮಾತು ಆಡಿದ್ದಳು, ಅಷ್ಟೇ. ಸಂಜೆಯೊಳಗೆ ಅದು ಬೀದಿಯ ಕೊನೆಯ ಮನೆ ಮುಟ್ಟಿತ್ತು. ತರಕಾರಿಯವಳು, "ಭಾರ ಎತ್ಬೇಡಮ್ಮಾ," ಎಂದು ಚೀಲ ಕಸಿದುಕೊಂಡಳು. ಅತ್ತೆ ಹಳದಿ ಉಣ್ಣೆ ತಂದು ಅಂಗೈಯಗಲದ ಟೋಪಿ ಹೆಣೆದೂ ಬಿಟ್ಟರು. ಆಮೇಲೆ ಏನೂ ಆಗಲಿಲ್ಲ. ಎಷ್ಟೋ ತಿಂಗಳು ಬೀದಿಯ ಹೆಂಗಸರ ಕಣ್ಣು ಅವಳ ಮುಖ ಬಿಟ್ಟು ಹೊಟ್ಟೆಯ ಮೇಲೇ ನೆಟ್ಟಿತ್ತು. ಮತ್ತೆ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

"ಈ ಸಲ ಪರೀಕ್ಷೆ ಮುಗಿಯೋ ತನಕ ತುಟಿ ಪಿಟಕ್ ಅನ್ನಬಾರದು. ಅತ್ತೆಗೂ ಬೇಡ, ಮಾವಂಗೂ ಬೇಡ," ಎಂದು ಅವಳು ಗಂಡನಿಂದ ಮಾತು ತೆಗೆದುಕೊಂಡಳು.

ಮೊದಲ ವಾರ ಮೊಟ್ಟೆ ನಿಂತಿತು. ಆಮೇಲೆ ಹಣ್ಣು, ಬೆಣ್ಣೆ, ಭಾನುವಾರದ ಮಾಂಸ ಒಂದೊಂದಾಗಿ ಮನೆಯ ದಾರಿ ಮರೆತವು. ಹಾಲು ಅರ್ಧಕ್ಕಿಳಿಯಿತು. ಪೇಪರಿನವನಿಗೆ ನಾಳೆಯಿಂದ ಬೇಡ ಎಂದಳು. ಬಟ್ಟೆಗೆ ಹೆಚ್ಚು ನೊರೆಯನ್ನೂ ಕಡಿಮೆ ಬಿಳುಪನ್ನೂ ಕೊಡುವ ಸೋಪಿನ ಪುಡಿ ಬಂತು. ಬ್ರೆಡ್ಡು, ಆಲೂಗಡ್ಡೆ, ಬೇಳೆ, ಎಲೆಕೋಸು. ಮರುದಿನ ಎಲೆಕೋಸು, ಬೇಳೆ, ಆಲೂಗಡ್ಡೆ, ಬ್ರೆಡ್ಡು.

ಮಾವ ಬೆಳಗಿನ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಈಗಲೂ ಕಿಟಕಿಯ ಬಳಿ ಕೂತಾಗ ಕೆಳಗೆ ರಸ್ತೆಯಲ್ಲಿ ಯಾರಾದರೂ ಅಡ್ಡ ಓಡಿದರೆ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

"ಇದು ಚಹಾನೋ, ಚಹಾದ ದೂರದ ನೆಂಟರೋ?"

"ಜಾಸ್ತಿ ಹಾಲು ನಿಮಗೆ ಒಳ್ಳೇದಲ್ಲ ಮಾವ," ಎಂದಳು ಸೊಸೆ, ಒಲೆಯ ಕಡೆ ತಿರುಗಿಕೊಂಡು.

ಅತ್ತೆಯಿಂದ ಈಗ ದೊಡ್ಡ ಗಲಾಟೆಯೇ ಬರುತ್ತದೆಂದು ಅವಳು ಕಾದಿದ್ದಳು. ಉಪ್ಪು ಒಂದು ಕಾಳು ಹೆಚ್ಚಾದರೂ ಮೂರು ದಿನ ಅದನ್ನೇ ಎತ್ತಿ ಆಡುವ ಅತ್ತೆ, "ಸುಮ್ನೆ ಕುಡೀರಿ, ಬಿಸಿ ಇದೆಯಲ್ಲ," ಎಂದು ಗಂಡನನ್ನೇ ಗದರಿದರು. ಸೊಸೆಗೆ ಆಶ್ಚರ್ಯವಾಯಿತು. ಆಮೇಲೆ, ವಯಸ್ಸಾಯಿತಲ್ಲ, ಗಮನಕ್ಕೆ ಬಂದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ದಿನ ಕಳೆದಂತೆ ಅತ್ತೆಯ ದನಿ ಮೆತ್ತಗಾಗುತ್ತ ಹೋಯಿತು. ಸಂಜೆ ಸೊಸೆ ಬಂದು ಚಪ್ಪಲಿ ಬಿಡುತ್ತಿದ್ದಂತೆ, "ಕಾಲು ನೋವಾ? ಕೂತ್ಕೋ," ಎನ್ನುವರು. "ಇವತ್ತು ಅಂಗಡೀಲಿ ಜನ ಇದ್ರಾ?" ಎಂದು ಕೇಳುವರು, ಅವಳು ಉತ್ತರ ಹೇಳುವಾಗ ಮಾತ್ರ ಬೇರೆ ಕಡೆ ನೋಡುವರು. ಊಟಕ್ಕೆ ಕೂತರೆ ತಮ್ಮ ತಟ್ಟೆಯ ದೊಡ್ಡ ಆಲೂಗಡ್ಡೆ ಅವಳ ತಟ್ಟೆಗೆ ಬರುವುದು.

"ನಿಮಗೆ?"

"ನಂಗೆ ಹಸಿವಿಲ್ಲಮ್ಮ. ಹೊರಗೆ ಹೋಗಿ ಬರೋಳು ನೀನು, ತಿನ್ನು."

ಅಂಗಡಿಯಲ್ಲಿ ಯಜಮಾನರು ನಾಲ್ಕು ಗಂಟೆಗೆ ಎಲ್ಲರಿಗೂ ಗಟ್ಟಿ ಚಹಾ, ಬಿಸ್ಕತ್ತು ಕೊಡಿಸುತ್ತಿದ್ದರು. ಅದನ್ನು ಬಾಯಿಗಿಡುವಾಗ ಸೊಸೆಗೆ ಆ ಆಲೂಗಡ್ಡೆ ನೆನಪಾಗುತ್ತಿತ್ತು. ಇನ್ನೆಷ್ಟು ದಿನ, ಎಲ್ಲ ಅವರ ಮೊಮ್ಮಗುವಿಗೇ ತಾನೆ ಎಂದು ತನಗೆ ತಾನೇ ಹೇಳಿಕೊಂಡು ನುಂಗುತ್ತಿದ್ದಳು.

ಒಂದು ತಿಂಗಳಾಗುವ ಹೊತ್ತಿಗೆ ಅತ್ತೆ, ಮಾವ ಇಬ್ಬರೂ ಬೆಳಿಗ್ಗೆ ವಾಕಿಂಗ್ ಹೋಗಲು ಶುರುಮಾಡಿದರು.

"ಇದೇನಮ್ಮಾ ಹೊಸ ಖಯಾಲಿ?" ಎಂದ ಮಗ.

"ಕೂತು ಕೂತು ಮಂಡಿ ಹಿಡ್ಕೊಂಡಿದೆ ಕಣೋ. ನಿಮ್ಮಪ್ಪಂಗೂ ಗಾಳಿ ಬೇಕು."

"ನಂಗೆ ಗಾಳಿ ಏನೂ ಬೇಡ," ಎಂದರು ಮಾವ. ಅತ್ತೆ ಒಂದು ಸಲ ನೋಡಿದರು. "ಬೇಕು, ಬೇಕು," ಎಂದು ಮಾವ ಚಪ್ಪಲಿ ಹುಡುಕಿದರು.

ಖುಷಿಯ ವಿಷಯವೇ. ಆದರೆ ವಾಕಿಂಗ್ ಹೋದವರು ಮಧ್ಯಾಹ್ನದವರೆಗೆ ಬರುತ್ತಿರಲಿಲ್ಲವೆಂದು ಕೆಳಮನೆಯ ಮುದುಕ ಹೇಳಿದ. ಮನೆಗೆಲಸ ಹಿಂದೆ ಬೀಳತೊಡಗಿತು. ಬೆಳಗಿನ ಪಾತ್ರೆ ಸಂಜೆಗೂ ಸಿಂಕಿನಲ್ಲೇ. ಒಂದು ದಿನ ಸೊಸೆ ಬಂದಾಗ ನೆನೆಸಿದ ಬಟ್ಟೆ ಹಾಗೇ ಟಬ್ಬಿನಲ್ಲಿ ಹುಳಿವಾಸನೆ ಹೊಡೆಯುತ್ತಿತ್ತು. ಅತ್ತೆ ಸೋಫಾದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವಳಿಗೂ ಅಂದು ಅಂಗಡಿಯಲ್ಲಿ ಎರಡು ಗಾಜು ಒಡೆದು ಬೈಸಿಕೊಂಡು ಬಂದ ಉರಿ ಇತ್ತು.

"ಅತ್ತೆ, ಊರು ಸುತ್ತೋಕೆ ಶಕ್ತಿ ಇರುತ್ತೆ, ಎರಡು ಬಟ್ಟೆ ಹಿಂಡೋಕೆ ಇರಲ್ವಾ?"

ಅತ್ತೆ ತಟಕ್ಕನೆ ಎದ್ದು ಕೂತರು. ಒಂದಕ್ಕೆ ಹತ್ತು ಕೊಡುವ ಬಾಯಿ ಅದು. ಆ ದಿನ, "ಮರೆತೆ ಕಣಮ್ಮ," ಎಂದು ಎದ್ದುಹೋಗಿ ಟಬ್ಬಿನ ಮುಂದೆ ಕೂತರು. ಕೋಣೆಯೊಳಗಿಂದ ಮಾವ, "ನಾನು ಹಿಂಡ್ತೀನಿ ಬಿಡೇ," ಎಂದರು. "ನೀವು ಸುಮ್ನಿರಿ," ಎಂದರು ಅತ್ತೆ.

ಅದಾದ ಎರಡನೇ ದಿನ ಮನೆಗೆ ಮೊಟ್ಟೆ ಬಂತು. ಒಂದು ಟ್ರೇ ತುಂಬ.

"ಕೆಳಮನೆಯವರ ನೆಂಟರು ತಂದಿದ್ರಂತೆ. ಜಾಸ್ತಿ ಆಯ್ತು ಅಂತ ಕೊಟ್ರು," ಎಂದರು ಅತ್ತೆ.

ಆಮೇಲೆ ಸೇಬು ಬಂತು. ಅದೂ ಯಾರೋ ಕೊಟ್ಟದ್ದೇ. ಅತ್ತೆ ತಮ್ಮ ಗಂಟು ಬಿಚ್ಚುತ್ತಿದ್ದಾರೆಂದು ಸೊಸೆಗೆ ಅನುಮಾನವಾಯಿತು. ಬೇರೆ ಯಾರೇ ಆಗಿದ್ದರೂ ಆಗ ಕೂತು ಕೇಳುತ್ತಿದ್ದರು. ಇವಳಿಗೆ ಬಂದ ಯೋಚನೆ ಒಂದೇ: ಹೀಗೆ ಹೊರಗಿನಿಂದ ಬಂದರೆ ಪರೀಕ್ಷೆ ಸರಿಯಾಗಿ ನಡೆಯುವುದಾದರೂ ಹೇಗೆ?

"ಬಿಡು, ತಿನ್ನಲಿ," ಎಂದ ಗಂಡ ಮೊಟ್ಟೆಯ ಸಿಪ್ಪೆ ಸುಲಿಯುತ್ತ.

"ನೀವೇ ಹೇಳಿದ್ದಲ್ವಾ? ಮೂಟೆ ಇಳಿಸಿಬಿಟ್ರೆ ಟೆಸ್ಟ್ ಏನು ಬಂತು?"

ಮರುದಿನದಿಂದ ಅವಳು ಮೊಟ್ಟೆಗೆ ಸರಿದೂಗುವಷ್ಟು ಹಾಲು ಇನ್ನೂ ಕಡಿಮೆ ಮಾಡಿದಳು. ಮುಂದೆ ಎಷ್ಟೋ ದಿನ ಅವಳನ್ನು ಕಾಡಿದ್ದು ಇದೇ. ಅತ್ತೆ ತಂದದ್ದನ್ನು ಅತ್ತೆಯ ಲೋಟದಿಂದಲೇ ಕಳೆದಿದ್ದಳು.

ಎರಡನೇ ತಿಂಗಳು ಮುಗಿಯುತ್ತ ಬಂದಿತ್ತು. ಮಧ್ಯಾಹ್ನದ ಹೊತ್ತು. ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ, ಮಸುಕು ಗಾಜಿನ ತಡಿಕೆಯ ಹಿಂದೆ, ಸೊಸೆ ಏಪ್ರನ್ ಕಟ್ಟಿಕೊಂಡು ಗಾಜಿನ ಅಂಚು ಉಜ್ಜುತ್ತಿದ್ದಳು. ಯಂತ್ರ ನಿಲ್ಲಿಸಿ ಗಾಜನ್ನು ಫ್ರೇಮಿಗೆ ಹಿಡಿದು ನೋಡುತ್ತಿರುವಾಗ ಮುಂಭಾಗದಿಂದ ಪರಿಚಯದ ದನಿ ಕೇಳಿಸಿತು.

"ಯಜಮಾನ್ರೇ, ಒಂದು ಮಾತು ಕೇಳ್ಬೇಕಿತ್ತು."

"ಬನ್ನಿ ಬನ್ನಿ. ಓದೋದಕ್ಕಾ, ದೂರ ನೋಡೋದಕ್ಕಾ?"

"ಕನ್ನಡಕ ಅಲ್ಲ. ನಮ್ಮ ಸೊಸೆ ನಿಮ್ಮಲ್ಲಿ ಕೆಲಸಕ್ಕಿದ್ಲು."

ಸೊಸೆಯ ಕೈ ಹಾಗೇ ನಿಂತಿತು. ಮಾವ ಈ ಅಂಗಡಿಗೆ ಇದುವರೆಗೆ ಕಾಲಿಟ್ಟವರಲ್ಲ.

"ಏನು ತಪ್ಪು ಮಾಡಿದ್ಲೋ ನಂಗೊತ್ತಿಲ್ಲ," ಮಾವ ತಡೆದು ತಡೆದು ಹೇಳುತ್ತಿದ್ದರು. "ಗಾಜು ಗೀಜು ಒಡೆದಿದ್ರೆ ನಾನು ಕಟ್ಕೊಡ್ತೀನಿ. ಬೇಕಂತ ಮಾಡೋ ಹುಡುಗಿ ಅಲ್ಲ ಯಜಮಾನ್ರೇ. ಬಾಯಿ ಸ್ವಲ್ಪ ಚುರುಕು, ಆದ್ರೆ ಕೈ ಶುದ್ಧ. ಅವಳನ್ನ ವಾಪಸ್ ತಗೊಳ್ಳಿ. ನಾನು ಬಂದಿದ್ದೆ ಅಂತ ಅವಳಿಗೆ ಗೊತ್ತಾಗಬಾರದು. ಪಾಪ, ದಿನಾ ಬ್ಯಾಗು ಹಾಕ್ಕೊಂಡು ಹೊರಡ್ತಾಳೆ, ಎಲ್ಲಿ ಕೂತು ಬರ್ತಾಳೋ. ನೋಡೋಕಾಗಲ್ಲ. ನಮ್ಮ ಮನೆಯವಳು ಇಷ್ಟು ದಿನ ಹೇಗೋ ದುಡಿದ್ಲು, ಇನ್ನು ಅವಳ ಕೈಲೂ ಆಗಲ್ಲ..."

ಯಜಮಾನರು ಕಕ್ಕಾಬಿಕ್ಕಿಯಾಗಿ ಹೆಬ್ಬೆರಳಿನಿಂದ ತಡಿಕೆಯ ಕಡೆ ತೋರಿಸಿದರು. "ನಿಮ್ಮ ಸೊಸೆ ಅಲ್ಲೇ ಇದಾಳಲ್ರೀ. ಎಲ್ಲಿಗೂ ಹೋಗಿಲ್ಲ. ಒಂದು ದಿನ ರಜಾನೂ ಹಾಕಿಲ್ಲ."

ಸೊಸೆ ಹೊರಗೆ ಬಂದಳು. ಏಪ್ರನ್ನಿನ ಮೇಲೆಲ್ಲ ಗಾಜಿನ ಬಿಳಿ ಪುಡಿ. ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು. ತಮ್ಮ ಹಳೆಯ ಡ್ರೈವರ್ ಕೋಟು ಹಾಕಿಕೊಂಡು, ಗುಂಡಿಯನ್ನೆಲ್ಲ ಹಾಕಿ, ಮರ್ಯಾದಸ್ಥರಾಗಿ ಬಂದಿದ್ದರು.

"ನಿಂಗೆ ಕೆಲಸ ಇದೆಯಾ?"

"ಇದೆ ಮಾವ."

"ಹಾಗಾದ್ರೆ ಮನೇಲಿ ಮೊಟ್ಟೆ ಯಾಕೆ ನಿಂತಿದ್ದು?"

ನೆಲ ಬಾಯಿ ತೆರೆದಿದ್ದರೆ ಅವಳು ಸಂತೋಷವಾಗಿ ಒಳಗಿಳಿಯುತ್ತಿದ್ದಳು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ಉತ್ತರಕ್ಕೆ ಕಾಯುತ್ತಿದ್ದರು. "ಅತ್ತೆಗೆ ಏನಾಗಿದೆ ಮಾವ?" ಎಂದಷ್ಟೇ ಕೇಳಿದಳು.

"ಲಾಂಡ್ರೀಲಿ ಕೈ ಸುಟ್ಕೊಂಡಿದಾಳೆ. ಆಸ್ಪತ್ರೇಲಿ ಕೂರಿಸಿ ಬಂದೆ. ನಡಿ."

ದಾರಿಯಲ್ಲಿ ಮಾವ ಎಲ್ಲ ಹೇಳಿದರು. ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರ ಬಸ್ಸು ಒಂದು ಹಾಲಿನ ಗಾಡಿಗೆ ತಗಲಿ, ಅವರನ್ನು ಕೆಲಸದಿಂದ ನಿಲ್ಲಿಸಿದ್ದರಂತೆ. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ದಿನಾ ಸಮವಸ್ತ್ರ ಹಾಕಿ, ಊಟದ ಡಬ್ಬಿ ಹಿಡಿದು ಹೊರಟು, ಊರಾಚೆ ಪಾರ್ಕಿನ ಬೆಂಚಿನ ಮೇಲೆ ಕೂತು ಸಂಜೆ ಬರುತ್ತಿದ್ದರು.

"ಅವಳಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಅಂಗೀಲಿ ಡೀಸೆಲ್ ವಾಸನೆ ಇರಲಿಲ್ಲವಂತೆ. ಒಂದು ಮಾತು ಕೇಳಲಿಲ್ಲ ನೋಡು. ಗಂಡಸಿನ ಮಾನ ಹೋಗುತ್ತೆ ಅಂತ. 'ಇವತ್ತು ಬಸ್ಸಲ್ಲಿ ಜನ ಇದ್ರಾ?' ಅಂತ ಕೇಳೋಳು. ನಾನೂ 'ಕಾಲಿಡೋಕೂ ಜಾಗ ಇರಲಿಲ್ಲ' ಅನ್ನೋನು. ಆ ಕಡೆ ತಾನು ಹೋಗಿ ಲಾಂಡ್ರೀಲಿ ಇಸ್ತ್ರಿ ಮಾಡಿ ಮನೆ ನಡೆಸಿದ್ಲು. ಕೆಲಸ ವಾಪಸ್ ಸಿಕ್ಕ ಮೇಲೇ ನಂಗೆ ಗೊತ್ತಾಗಿದ್ದು."

"ಈಗ ನಂಗೂ ಹಾಗೇ ಆಗಿದೆ ಅಂದ್ಕೊಂಡ್ರಾ?"

"ಮತ್ತೇನು ಅಂದ್ಕೊಳ್ಳೋದು? ತಿನ್ನೋದು ನಿಂತು ಹೋಯ್ತು, ನೀನು ಮುಖ ಕೊಟ್ಟು ಮಾತಾಡಲ್ಲ, ಕೇಳಿದ್ರೆ ಒಲೆ ಕಡೆ ತಿರುಗ್ತೀಯ. 'ಕೆಲಸ ಹೋಗಿದೆ ಪಾಪ, ಹೇಳೋಕೆ ನಾಚಿಕೆ, ನೀವೂ ಕೇಳಬೇಡಿ' ಅಂದ್ಲು ನಿಮ್ಮತ್ತೆ. ವಾಕಿಂಗ್ ಅಂತ ಹೇಳಿ, ನನ್ನನ್ನೂ ಜೊತೆಗೆ ಕರ್ಕೊಂಡು, ಮತ್ತೆ ಅದೇ ಲಾಂಡ್ರಿಗೆ ಹೋದ್ಲು. ಈಗ ಅಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲ, ಆವಿ ಪ್ರೆಸ್ಸು. ಮೇಲಿನ ಹಲಗೆ ಕೈ ಮೇಲೇ ಬಿತ್ತು."

ಊರಿನ ಸುದ್ದಿಯನ್ನೆಲ್ಲ ಬೀದಿಗೆ ಹಂಚುವ ಅತ್ತೆ ಈ ಒಂದು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಸೊಸೆ ಮಾವನಿಗಿಂತ ಮುಂದೆ ಬಿರಬಿರನೆ ನಡೆದಳು. ಟಬ್ಬಿನಲ್ಲಿ ನೆನೆದ ಬಟ್ಟೆ, ಸೋಫಾದಲ್ಲಿ ನಿದ್ದೆ, ತಾನಾಡಿದ ಮಾತು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಬಲಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಕೂತಿದ್ದರು. ಸೊಸೆಯನ್ನು ಕಂಡಿದ್ದೇ ಗಂಡನ ಮೇಲೆ ಹರಿಹಾಯ್ದರು. "ಅವಳಿಗೆ ಯಾಕ್ರೀ ಹೇಳಿದ್ರಿ? ಮೊದಲೇ ಅವಳ ತಲೆ ಅವಳಿಗೆ ಭಾರ ಆಗಿದೆ!"

"ಅವಳಿಗೆ ಕೆಲಸ ಇದೆ ಕಣೇ," ಎಂದರು ಮಾವ.

"ಸಿಕ್ತಾ?" ಅತ್ತೆಯ ಮುಖ ಆ ನೋವಿನಲ್ಲೂ ಅರಳಿತು. "ಯಾವಾಗ ಸಿಕ್ತು?"

"ಹೋಗೇ ಇರಲಿಲ್ಲ."

ಅರಳಿದ ಮುಖ ಹಾಗೇ ನಿಂತು ನಿಧಾನಕ್ಕೆ ಮುಚ್ಚಿಕೊಂಡಿತು. ಅದನ್ನು ನೋಡುತ್ತ ನಿಲ್ಲುವುದಕ್ಕಿಂತ ದೊಡ್ಡ ಶಿಕ್ಷೆ ಸೊಸೆಗೆ ಯಾರೂ ಕೊಡಬೇಕಿರಲಿಲ್ಲ.

ಮನೆಯಲ್ಲಿ ಆ ಸಂಜೆ ಮಗ ಮೆಟ್ಟಿಲು ಹತ್ತಿ ಬಂದು, ತಾಯಿಯ ಕೈ ನೋಡಿ, ಗ್ರೀಸಿನ ಅಂಗಿಯಲ್ಲೇ ನೆಲದ ಮೇಲೆ ಕೂತುಬಿಟ್ಟ. ಹೇಳುವುದನ್ನೆಲ್ಲ ಅವನೇ ಹೇಳಿದ. ಮಗುವಿನ ವಿಷಯ, ಸಂಬಳದ ವಿಷಯ, ಲಿಫ್ಟಿನ ವಿಷಯ, ಮರಳು ಮೂಟೆಯ ವಿಷಯ. ಅತ್ತೆ ಕೊನೆಯವರೆಗೂ ಕೇಳಿದರು.

"ಅಂದ್ರೆ ಮರಳು ಮೂಟೆ ನಾವೇನೋ? ನಾನೂ ನಿಮ್ಮಪ್ಪಾನೂ?"

"ಹಾಗಲ್ಲಮ್ಮಾ..."

"ಹೇಗೆ ಮತ್ತೆ? ಮೂಟೆಗೆ ಯಾರೂ ಹೇಳಲ್ಲ ನೋಡು, ಯಾಕೆ ಹೊತ್ತು ಹಾಕ್ತಿದೀವಿ ಅಂತ."

"ತಪ್ಪು ನಂದು ಅತ್ತೆ," ಎಂದಳು ಸೊಸೆ. "ಇವರು ಹೇಳೋಣ ಅಂದ್ರು. ನಾನೇ ಬೇಡ ಅಂದೆ. ನಿಮಗೆ ಹೇಳಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ ಅಂತ."

"ಆಗ್ತಿತ್ತು! ಹೇಳ್ತಿದ್ದೆ! ಏನಾಗ್ತಿತ್ತು? ನಾಲ್ಕು ಜನ ನಗ್ತಿದ್ರು. ನಾಲ್ಕು ಜನ ಹಳೇ ತೊಟ್ಟಿಲು ಕೊಡ್ತಿದ್ರು. ಕೈ ಸುಡ್ತಿತ್ತಾ?" ಅತ್ತೆಯ ದನಿ ಒಡೆಯಿತು. "ಮೊಮ್ಮಗುವಿಗೆ ಅಂತ ಒಂದು ಮಾತು ಹೇಳಿದ್ರೆ ಒಣ ಬ್ರೆಡ್ಡನ್ನ ಹತ್ತು ವರ್ಷ ಬೇಕಾದ್ರೂ ನಗ್ತಾ ತಿಂತಿದ್ದೆ ಕಣೇ. ನೀನು ಅದನ್ನೇ ಹೆದರಿ ಹೆದರಿ ತಿನ್ನೋ ಹಾಗೆ ಮಾಡಿದೆ. ದಿನಾ ನಿನ್ನ ಮುಖ ನೋಡಿ, ಇವತ್ತು ಎಲ್ಲಿ ಕೂತು ಬಂದ್ಲೋ, ಏನು ತಿಂದ್ಲೋ ಅಂತ ನನ್ನ ಹೊಟ್ಟೆ ಸಂಕಟ ನಂಗೇ ಗೊತ್ತು."

ಸೊಸೆ ಅಳಲೂ ಇಲ್ಲ. ನಾಲ್ಕು ಗಂಟೆಯ ಗಟ್ಟಿ ಚಹಾ ಕುಡಿದು, ಬಿಸ್ಕತ್ತು ತಿಂದು ಬರುತ್ತಿದ್ದೆ ಎಂದು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಗಂಡ, "ಅಮ್ಮಾ, ತಪ್ಪಾಯ್ತು," ಎಂದ. ಮಾವ ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು. ಆ ಮನೆಯಲ್ಲಿ ಅವರು ಒಲೆ ಹಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಹಾಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಇದರಲ್ಲಿ ನಾಲ್ಕು ಲೋಟ ಆಗಲ್ವಲ್ಲ," ಎಂದರು. ಸೊಸೆ ಚೀಲ ತೆಗೆದುಕೊಂಡು ಹಾಲಿಗೆ ಓಡಿದಳು.

ಬ್ಯಾಂಕಿನಲ್ಲಿ ಮುಟ್ಟದೆ ಬಿಟ್ಟಿದ್ದ ಅವಳ ಸಂಬಳವೆಲ್ಲ ಮುಂದಿನ ವಾರಗಳಲ್ಲಿ ಮುಲಾಮಿಗೆ, ಪಟ್ಟಿಗೆ, ಡಾಕ್ಟರಿಗೆ ಹೋಯಿತು. "ಅದು ಮಗುವಿನ ದುಡ್ಡು, ಮುಟ್ಟಬೇಡ," ಎಂದು ಅತ್ತೆ ಆಸ್ಪತ್ರೆಯ ಕೌಂಟರಿನಲ್ಲೇ ಜಗಳಕ್ಕೆ ನಿಂತರು. ಅವಳು ಕೇಳಲಿಲ್ಲ. ಅದು ಖಾಲಿಯಾದಷ್ಟೂ ಅವಳಿಗೆ ಸಮಾಧಾನವಾಗುತ್ತಿತ್ತು.

ಮನೆಯಲ್ಲಿ ಮೊಟ್ಟೆ ಬಂತು, ಹಣ್ಣು ಬಂತು, ಪೇಪರು ಬಂತು. ಮಾವ ಲೋಟ ಬೆಳಕಿಗೆ ಹಿಡಿಯುವುದನ್ನು ಬಿಟ್ಟರು. ಸೊಸೆ ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸಿ, ಅತ್ತೆಯ ಜಡೆ ಹಾಕಿ, ರವಿಕೆಯ ಗುಂಡಿ ಹಾಕಿ, ತಿಂಡಿ ತಿನ್ನಿಸಿ ಅಂಗಡಿಗೆ ಓಡುತ್ತಿದ್ದಳು. ಬಟ್ಟೆ ಹಿಂಡುವುದು ಗಂಡನ ಪಾಲಿಗೆ ಬಂತು. ಅವನು ಗ್ರೀಸಿನ ಕೈಯಲ್ಲಿ ಹಿಂಡಿ ಬಿಳಿ ಬಟ್ಟೆಗೆಲ್ಲ ಬೆರಳಚ್ಚು ಹಾಕುತ್ತಿದ್ದ. ಮೊದಮೊದಲು ಅತ್ತೆ ಬಾಯಿಗೆ ಬಂದ ತುತ್ತನ್ನು ಮುಖ ತಿರುಗಿಸಿ ತಿನ್ನುತ್ತಿದ್ದರು. ಆಮೇಲಾಮೇಲೆ, "ಉಪ್ಪು ಕಮ್ಮಿ," "ಬಿಸಿ ಜಾಸ್ತಿ," ಎಂದು ಶುರುವಾಯಿತು. ಆ ಗೊಣಗಾಟ ಕೇಳಿ ಸೊಸೆಗೆ ಎಷ್ಟೋ ಜೀವ ಬಂದಂತಾಯಿತು.

ಮಗುವಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಒಮ್ಮೆ ಗಂಡ ಬಾಲ್ಕನಿಯಲ್ಲಿ, "ಮತ್ತೆ ನಮ್ಮ ವಿಷಯ?" ಎಂದ. "ಯಾವ ಬಾಯಲ್ಲಿ ಕೇಳ್ತೀರಿ?" ಎಂದಳು ಅವಳು. ಅವನು ಒಣಗಿದ ಬಟ್ಟೆ ತೆಗೆಯತೊಡಗಿದ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. ನಡುಬೆರಳು, ಉಂಗುರಬೆರಳು ಅರ್ಧಕ್ಕೆ ಬಂದು ನಿಂತವು. ದಿನಾ ವ್ಯಾಯಾಮ ಮಾಡಿಸಿ, ಸ್ವಲ್ಪ ಬರಬಹುದು, ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ ಎಂದರು. ಭಾರ ಎತ್ತುವುದು, ಗಟ್ಟಿಯಾಗಿ ಹಿಡಿಯುವುದು ಬೇಡವೆಂದೂ ಹೇಳಿದರು. ಹೊರಗೆ ಬಂದ ಮೇಲೆ ಅತ್ತೆ, "ಈ ಡಾಕ್ಟ್ರು ಇನ್ನೂ ಚಿಕ್ಕ ಹುಡುಗ, ಅವನಿಗೇನು ಗೊತ್ತು," ಎಂದರು. ದಾರಿಯುದ್ದಕ್ಕೂ ಸೆರಗಿನ ಮರೆಯಲ್ಲಿ ಆ ಎರಡು ಬೆರಳನ್ನು ಎಡಗೈಯಿಂದ ಮಡಚುತ್ತಲೇ ಬಂದರು.

ಮುಂದಿನ ಭಾನುವಾರ ಸೊಸೆ ಅತ್ತೆಗೆ ತಲೆಸ್ನಾನ ಮಾಡಿಸುತ್ತಿದ್ದಳು. ಹಸಿ ಚರ್ಮಕ್ಕೆ ಸೋಪಿನ ನೀರು ತಗಲಬಾರದೆಂದು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಳು. ಅತ್ತೆ ಸ್ಟೂಲಿನ ಮೇಲೆ ಕೂತು, ಆ ಕೈಯನ್ನು ಮೇಲಕ್ಕೆತ್ತಿ ಹಿಡಿದು, ತಲೆ ಬಗ್ಗಿಸಿದ್ದರು.

"ಕಿವಿಗೆ ಹೋಗ್ತಿದೆ ನೀರು. ಒಂದು ಕೈಯಲ್ಲಿ ಹಣೆ ಹಿಡ್ಕೊಂಡು ಹಾಕ್ಬೇಕು. ಕೂಸಾಗಿದ್ರೆ ಇಷ್ಟೊತ್ತಿಗೆ ಬೀದಿಯೆಲ್ಲ ಒಂದು ಮಾಡ್ತಿತ್ತು."

ಸೊಸೆ ಹಣೆ ಹಿಡಿದಳು. ಕೂಸು ಎಂಬ ಮಾತು ಬಂದದ್ದು ಇಬ್ಬರಿಗೂ ಕೇಳಿಸಿತ್ತು. ಸೊಸೆ ಮತ್ತೆ ತಲೆ ಉಜ್ಜತೊಡಗಿದಳು.

"ನಿಮ್ಮ ಆ ಪರೀಕ್ಷೇಲಿ," ಅತ್ತೆ ತಲೆ ಎತ್ತದೆ ಕೇಳಿದರು, "ನೀನು ವಾಪಸ್ ಕೆಲಸಕ್ಕೆ ಹೋದ ಮೇಲೆ ಮಗೂನ ಯಾರು ನೋಡ್ಕೊಳ್ಳೋದು ಅಂತ ಮಾಡಿದ್ರಿ?"

"ನೀವು ಅತ್ತೆ."

"ನನ್ನ ಕೇಳಿದ್ಯಾ?"

"ಇಲ್ಲ."

"ಯಾಕೆ ಕೇಳಲಿಲ್ಲ?"

ಹಾಲು, ಸೋಪು, ಪೇಪರು ಎಲ್ಲವನ್ನೂ ಅಳೆದು ನೋಡಿದವಳು ಇದೊಂದನ್ನು ಅಳೆದಿರಲಿಲ್ಲ. "ನೀವು ಹೇಗಿದ್ರೂ ಇರ್ತೀರಲ್ಲ ಅಂತ," ಎಂದಳು. ಹೇಳುತ್ತಿದ್ದಂತೆ ಆ ಮಾತು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಗೊತ್ತಾಯಿತು.

"ಹೂಂ. ಈಗ ಕೇಳು."

"ಬೇಡ ಅತ್ತೆ..."

"ಕೇಳು ಅಂದೆ."

ಸೊಸೆ ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಹಾಗೇ ಕೇಳಬಾರದೆನಿಸಿ ಸ್ಟೂಲಿನ ಮುಂದೆ ಒದ್ದೆ ನೆಲದ ಮೇಲೆ ಕೂತಳು. "ಅತ್ತೆ, ನಮಗೊಂದು ಮಗು ಆದ್ರೆ ನೀವು ನೋಡ್ಕೊಳ್ತೀರಾ?"

ಅತ್ತೆ ಕಣ್ಣು ತೆರೆದರು. ಎತ್ತಿ ಹಿಡಿದಿದ್ದ ಕೈಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು, ಚೀಲದೊಳಗೇ ಮುಷ್ಟಿ ಮಾಡಲು ನೋಡಿದರು. ಮೂರು ಬೆರಳು ಬಂದವು. ಇನ್ನೊಂದು ಸಲ ನೋಡಿದರು.

"ಆಸೆ ಇದೆ ಕಣಮ್ಮ," ಎಂದರು. "ಕೈ ಇಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೊಸೆ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದಳು, ಅತ್ತೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಕೇಳಿದ ಪ್ರಶ್ನೆಗೆ ಅವರು ಇದ್ದ ಉತ್ತರ ಕೊಟ್ಟಿದ್ದರು. ಅವಳು ನೆಲದ ಮೇಲೆ ಕೂತೇ ಇದ್ದಳು, ಸೀರೆ ಪೂರ್ತಿ ನೆನೆಯುತ್ತಿತ್ತು.

"ಏಳು, ನೀರು ಹಾಕು," ಎಂದರು ಅತ್ತೆ ಮತ್ತೆ ತಲೆ ಬಗ್ಗಿಸಿ. "ಸೋಪು ಕಣ್ಣಿಗಿಳೀತಿದೆ."

ಅವಳು ಎದ್ದು, ಒಂದು ಕೈಯಲ್ಲಿ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹಾಕಿದಳು.